ರೋಗಿಯ ಮಾತು ಅಳತೆಯಾದ ಬಗೆ

ಕ್ಯಾನ್ಸರ್ ರೋಗಿ ಎಷ್ಟು ಕಾಲ ಬದುಕಬಹುದು ಎಂಬುದನ್ನು ವೈದ್ಯರು ಗಡ್ಡೆಯ ಗಾತ್ರ, ಅದು ಹರಡಿರುವ ಪ್ರಮಾಣ, ರಕ್ತಪರೀಕ್ಷೆ, ವಯಸ್ಸು ಮುಂತಾದವುಗಳಿಂದ ಅಂದಾಜು ಮಾಡುತ್ತಾರೆ. 'ನಿಮಗೆ ಹೇಗನಿಸುತ್ತಿದೆ?' ಎಂದು ರೋಗಿಯನ್ನೇ ಕೇಳಿ, ಆ ಉತ್ತರವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲು ವೈದ್ಯವಿಜ್ಞಾನ ಬಹುಕಾಲ ಹಿಂಜರಿಯಿತು.

ಮೊದಲ ಹೆಜ್ಜೆ ಬಿದ್ದದ್ದು 1948ರಲ್ಲಿ. ಯುದ್ಧದ ವಿಷಾನಿಲಗಳ ಸಂಶೋಧನೆಯಿಂದ ಹುಟ್ಟಿದ ನೈಟ್ರೊಜನ್ ಮಸ್ಟರ್ಡ್ ಔಷಧಿಯನ್ನು ಅಮೆರಿಕದ ಡೇವಿಡ್ ಕಾರ್ನೊಫ್ಸ್ಕಿ ಮತ್ತು ಸಂಗಡಿಗರು ರೋಗಿಗಳಿಗೆ ಕೊಡುತ್ತಿದ್ದರು. ಗಡ್ಡೆ ಕುಗ್ಗಿದರೂ ರೋಗಿ ಹಾಸಿಗೆ ಬಿಟ್ಟು ಏಳದಿದ್ದರೆ ಪ್ರಯೋಜನವೇನು? ಇದನ್ನು ಅಳೆಯಲು ಅವರು 0ಯಿಂದ 100ರ ಮಾಪಕವೊಂದನ್ನು ರೂಪಿಸಿದರು. ಯಾವ ದೂರೂ ಇಲ್ಲದವರಿಗೆ 100, ಮೃತರಿಗೆ 0. ಮಾಪಕ ಇಂದಿಗೂ ಬಳಕೆಯಲ್ಲಿದೆ. ಆದರೆ ಅಂಕ ಹಾಕುವವರು ವೈದ್ಯರು, ರೋಗಿಯಲ್ಲ.

1976ರಲ್ಲಿ ಬ್ರಿಟನ್ನಿನ ಪ್ರೀಸ್ಟ್‌ಮನ್ ಮತ್ತು ಬಾಮ್ ಪೆನ್ಸಿಲನ್ನು ರೋಗಿಯ ಕೈಗೇ ಕೊಟ್ಟರು. ಕಾಗದದ ಮೇಲೆ 10 ಸೆಂ.ಮೀ. ಉದ್ದದ ಗೆರೆ, ಒಂದು ತುದಿ ಅತ್ಯುತ್ತಮ ಸ್ಥಿತಿ, ಇನ್ನೊಂದು ಅತಿ ಕೆಟ್ಟದ್ದು. ಮುಂದುವರಿದ ಸ್ತನ ಕ್ಯಾನ್ಸರಿನ ಮಹಿಳೆಯರು ತಮ್ಮ ಸ್ಥಿತಿಯನ್ನು ಗೆರೆಯ ಮೇಲೆ ತಾವೇ ಗುರುತಿಸಿದರು. ಅಳತೆಪಟ್ಟಿ ಇಟ್ಟರೆ ಅನುಭವ ಸಂಖ್ಯೆಯಾಯಿತು!

ಇಂಥ ಗೆರೆಗಳು ಆಸ್ಟ್ರೇಲಿಯಾದಲ್ಲಿ ಒಂದು ಅಚ್ಚರಿಯನ್ನು ಹೊರಗೆಡವಿದವು. ಕೀಮೋಥೆರಪಿಯನ್ನು ನಡುವೆ ನಿಲ್ಲಿಸಿದರೆ ರೋಗಿಗೆ ನೆಮ್ಮದಿ ಹೆಚ್ಚೀತು ಎಂಬುದು ಅಲನ್ ಕೋಟ್ಸ್ ತಂಡದ ನಿರೀಕ್ಷೆ. 1987ರಲ್ಲಿ ಪ್ರಕಟವಾದ ಫಲಿತಾಂಶ ತದ್ವಿರುದ್ಧವಾಗಿತ್ತು: ಚಿಕಿತ್ಸೆ ಮುಂದುವರಿಸಿದವರ ಜೀವನ ಗುಣಮಟ್ಟವೇ ಉತ್ತಮ. 1992ರಲ್ಲಿ ಅದೇ ತಂಡ ಇನ್ನೊಂದು ಅಂಶವನ್ನು ತೋರಿಸಿತು: ರೋಗಿಗಳೇ ಕೊಟ್ಟ ಅಂಕಗಳು ಅವರ ಉಳಿವಿನ ಮುನ್ಸೂಚನೆಯನ್ನೂ ನೀಡುತ್ತಿದ್ದವು.

1993ರಲ್ಲಿ ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದು, ಇಓಆರ್‌ಟಿಸಿ, 30 ಪ್ರಶ್ನೆಗಳ ಪಟ್ಟಿಯನ್ನು ಪ್ರಕಟಿಸಿತು. ನಡೆಯಲು ಕಷ್ಟವೇ, ನೋವಿತ್ತೇ, ಹಸಿವು ತಗ್ಗಿತ್ತೇ ಎಂಬಂಥ ನೇರ ಪ್ರಶ್ನೆಗಳು. ದಣಿವಿನ ಬಗೆಗೇ ಮೂರು: ವಿಶ್ರಾಂತಿ ಬೇಕಾಯಿತೇ, ನಿಶ್ಶಕ್ತಿ ಅನಿಸಿತೇ, ಆಯಾಸವಾಗಿತ್ತೇ. ಕನ್ನಡದಲ್ಲಿ 'ಸುಸ್ತು' ಎಂಬ ಒಂದೇ ಮಾತು ಮೂರಕ್ಕೂ ಸಲ್ಲುವುದುಂಟು. ಇಂಥ ಪಟ್ಟಿಗಳ ಅನುವಾದವೇ ಒಂದು ಶಾಸ್ತ್ರವಾಗಿರುವುದು ಸುಮ್ಮನೆ ಅಲ್ಲ.

ಪ್ರಶ್ನೆಗಳು ಒಂದೇ ಆದದ್ದರಿಂದ ಬೇರೆ ಬೇರೆ ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಬಹುದಾಯಿತು. 2009ರಲ್ಲಿ ಕ್ವಿಂಟನ್ ಮತ್ತಿತರರು 30 ಪ್ರಯೋಗಗಳನ್ನು ಪರಿಶೀಲಿಸಿದರು. ಚಿಕಿತ್ಸೆಗೆ ಮುನ್ನ ಪಟ್ಟಿ ತುಂಬಿದ್ದವರು 7,417 ಮಂದಿ. ದೈಹಿಕ ಸಾಮರ್ಥ್ಯ, ನೋವು, ಹಸಿವಿಲ್ಲದಿರುವಿಕೆ - ಈ ಮೂರು ಉತ್ತರಗಳು ವಯಸ್ಸು, ಲಿಂಗ, ರೋಗ ದೂರಕ್ಕೆ ಹರಡಿರುವಿಕೆ ಇವುಗಳಿಂದ ಸಿಗದ ಮಾಹಿತಿಯನ್ನು ಕೊಟ್ಟವು. ಮುನ್ಸೂಚನೆಯ ನಿಖರತೆ ಶೇಕಡಾ 6ರಷ್ಟು ಹೆಚ್ಚಿತು. ಅಂಕಿ ಸಣ್ಣದು, ಆದರೆ ಇದಕ್ಕೆ ಬೇಕಾದದ್ದು ಕಾಗದ, ಪೆನ್ನು ಮತ್ತು ಕೆಲವು ನಿಮಿಷ ಮಾತ್ರ.

ಇಲ್ಲಿ ಎಡವುವುದು ಸುಲಭ. ಉತ್ತರ ಮುನ್ಸೂಚನೆ ನೀಡುತ್ತದೆ ಎಂದರೆ ಉತ್ತರವೇ ಕಾರಣ ಎಂದಲ್ಲ. ಸ್ಕ್ಯಾನಿನಲ್ಲಿ ಇನ್ನೂ ಕಾಣದ ಬದಲಾವಣೆಯನ್ನು ದೇಹ ಮೊದಲೇ ಅರಿತಿರಬಹುದು. 'ಧೈರ್ಯವಿದ್ದರೆ ಕ್ಯಾನ್ಸರ್ ಓಡುತ್ತದೆ' ಎಂಬ ಬುದ್ಧಿವಾದಕ್ಕಂತೂ ಇದು ಆಧಾರವಲ್ಲ. ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 1,093 ರೋಗಿಗಳನ್ನು ಪರಿಶೀಲಿಸಿದ ಜೇಮ್ಸ್ ಕಾಯ್ನ್ ತಂಡಕ್ಕೆ 2007ರಲ್ಲಿ ಮಾನಸಿಕ ನೆಮ್ಮದಿಗೂ ಉಳಿವಿಗೂ ಸಂಬಂಧ ಕಾಣಲಿಲ್ಲ. ರೋಗ ಉಲ್ಬಣಿಸಿದವರನ್ನು 'ಮನಸ್ಸು ಗಟ್ಟಿ ಮಾಡಲಿಲ್ಲ' ಎಂದು ದೂರುವುದು ಅನ್ಯಾಯ.

ಹಾಗಾದರೆ ಉತ್ತರ ಕೇಳಿಸಿಕೊಂಡು ಕೂಡಲೇ ಸ್ಪಂದಿಸಿದರೆ ಆಯುಷ್ಯ ಹೆಚ್ಚುವುದೇ? ನ್ಯೂಯಾರ್ಕಿನ ಒಂದೇ ಆಸ್ಪತ್ರೆಯಲ್ಲಿ 766 ಮಂದಿಯ ಮೇಲೆ ಈಥನ್ ಬ್ಯಾಶ್ ನಡೆಸಿದ ಪ್ರಯೋಗದಲ್ಲಿ ರೋಗಿಗಳು ತಮ್ಮ ಲಕ್ಷಣಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದರು. ತೀವ್ರವಾದರೆ ದಾದಿಯರಿಗೆ ಸೂಚನೆ ಹೋಗುತ್ತಿತ್ತು. 2017ರ ವರದಿಯಂತೆ ಅವರ ಮಧ್ಯಕ ಉಳಿವು 31.2 ತಿಂಗಳು, ಉಳಿದವರದು 26. ಆದರೆ ಅಮೆರಿಕದ 52 ಕೇಂದ್ರಗಳ 1,191 ರೋಗಿಗಳಲ್ಲಿ ಅದೇ ತಂಡ ಮತ್ತೆ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಉಳಿವಿನ ಅಂತರ ಕಾಣಲಿಲ್ಲ. ತುರ್ತು ಚಿಕಿತ್ಸೆಗೆ ಮೊದಲ ಬಾರಿ ಧಾವಿಸಬೇಕಾದ ದಿನ ಮಾತ್ರ ತಿಂಗಳುಗಟ್ಟಲೆ ಮುಂದೆ ಹೋಗಿತ್ತು.