ಪ್ರೋಗ್ರಾಮಿಂಗಿನ ಪ್ರಥಮ ಪಾಠ: ರಾಜರಾಜೇಶ್ವರಿನಗರದ ನಿದರ್ಶನ

ಬೆಂಗಳೂರಿನ ಪಶ್ಚಿಮ ಭಾಗದ ರಾಜರಾಜೇಶ್ವರಿನಗರದಲ್ಲಿ ಆರ್.ಎನ್.ಎಸ್. ತಾಂತ್ರಿಕ ಮಹಾವಿದ್ಯಾಲಯವೂ ಗ್ಲೋಬಲ್ ಅಕಾಡೆಮಿ ಆಫ್ ಟೆಕ್ನಾಲಜಿಯೂ 2001ರಲ್ಲಿ ಸ್ಥಾಪಿತವಾದುವು. 1998ರಲ್ಲಿ ಉದಯಿಸಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮವನ್ನೇ ಇವು ಆರಂಭದಲ್ಲಿ ಅನುಸರಿಸಿದುವು. ಆ ಪಠ್ಯಕ್ರಮದ ಮೊದಲ ವರ್ಷದಲ್ಲಿ ಬೋಧಿಸಲಾಗುತ್ತಿದ್ದುದು, 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು ರೂಪಿಸಿದ 'ಸಿ' ಭಾಷೆ.

ಅಂದಿನ ಬೋಧನಕ್ರಮವನ್ನು ನಾವು ಸ್ಮರಿಸಬೇಕು. ವಿದ್ಯಾರ್ಥಿಯು ಪ್ರೋಗ್ರಾಮನ್ನು ರೆಕಾರ್ಡ್ ಪುಸ್ತಕದಲ್ಲಿ ಸ್ವಹಸ್ತದಿಂದ ಬರೆದು, ಪ್ರಯೋಗಶಾಲೆಯಲ್ಲಿ ನಡೆಸಿ ತೋರಿಸಿ, ಕೊನೆಯಲ್ಲಿ ಮೌಖಿಕ ಪರೀಕ್ಷೆಗೆ ಉತ್ತರಿಸಬೇಕಾಗಿದ್ದಿತು. ಸಹಪಾಠಿಯ ಪುಸ್ತಕವನ್ನು ನಕಲು ಮಾಡುವ ದೋಷ ಅಂದೂ ಇದ್ದಿತು. 2021ರಲ್ಲಿ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ನಕಲಿಗೆ ಸಹಪಾಠಿಯೂ ಬೇಡವಾದನು. ಬರೆದ ಪ್ರೋಗ್ರಾಮು ಅರಿವಿಗೆ ಸಾಕ್ಷಿಯೆಂಬ ನಂಬಿಕೆ ಇದರಿಂದ ಕುಸಿದುಬಿದ್ದಿತು.

ಒಂದು ಸಣ್ಣ ಲೆಕ್ಕವನ್ನು ನೋಡೋಣ. 3 ಮತ್ತು 4 ಎಂಬ ಪೂರ್ಣಾಂಕಗಳನ್ನು ಕೂಡಿ, 2 ಎಂಬ ಪೂರ್ಣಾಂಕದಿಂದ ಭಾಗಿಸಿದರೆ 'ಸಿ' ಭಾಷೆಯಲ್ಲಿ ಬರುವ ಉತ್ತರ 3.5 ಅಲ್ಲ, 3. ಪ್ರೋಗ್ರಾಮು ನಿರಾತಂಕವಾಗಿ ನಡೆಯುತ್ತದೆ. ಸರಾಸರಿ ಮಾತ್ರ ತಪ್ಪು. ಇಂತಹ ತಪ್ಪನ್ನು ಕಾಣಬಲ್ಲವನು, ಪ್ರತಿಯೊಂದು ಪಂಕ್ತಿಯನ್ನೂ ಕಾಗದದ ಮೇಲೆ ಲೆಕ್ಕಹಾಕಿ ಅಭ್ಯಾಸವುಳ್ಳವನು. ಆ ಅಭ್ಯಾಸವಿಲ್ಲದ ವಿದ್ಯಾರ್ಥಿ ನಾಳೆ ಅಂಕಪಟ್ಟಿಯನ್ನೋ ವೇತನಪಟ್ಟಿಯನ್ನೋ ಸಿದ್ಧಪಡಿಸುವಾಗ ಅನ್ಯರು ನಷ್ಟ ಅನುಭವಿಸಬೇಕಾಗುತ್ತದೆ.

ಆದುದರಿಂದ ನೂತನ ಸಾಧನಗಳನ್ನು ನಿಷೇಧಿಸುವುದು ಪರಿಹಾರವಲ್ಲ. ಹಿಂದೆ ಕೊನೆಯ ಕೆಲವು ನಿಮಿಷಗಳಿಗೆ ಸೀಮಿತವಾಗಿದ್ದ ಮೌಖಿಕ ಪರೀಕ್ಷೆಯೇ ಇನ್ನು ಪಾಠದ ಮುಖ್ಯಾಂಗವಾಗಬೇಕೆಂದು ನಮ್ಮ ಅಭಿಪ್ರಾಯ. ಪ್ರೋಗ್ರಾಮನ್ನು ಯಾರೇ ಬರೆದಿರಲಿ, ಅದನ್ನು ವಿವರಿಸುವ ಹೊಣೆ ವಿದ್ಯಾರ್ಥಿಯದೇ.