ಸಾಲಿಗೊಂದು ಪೆನ್ನಿ

ವೃತ್ತಪತ್ರಿಕೆಯ ಇತಿಹಾಸವನ್ನು ಬರೆದವರು ಸಂಪಾದಕರ ಧೈರ್ಯವನ್ನೂ, ಒಡೆಯರ ಸಾಹಸವನ್ನೂ, ಮುದ್ರಣಯಂತ್ರದ ಪ್ರಗತಿಯನ್ನೂ ವಿಸ್ತಾರವಾಗಿ ವರ್ಣಿಸಿರುವರಾದರೂ, ಯಾವ ಕಚೇರಿಯ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲದೆ, ತಿಂಗಳ ಸಂಬಳವಿಲ್ಲದೆ, ಬೀದಿಯಿಂದ ಸುದ್ದಿಯನ್ನು ಹೆಕ್ಕಿ ತಂದು ಪತ್ರಿಕೆಯ ಒಡಲನ್ನು ತುಂಬಿದ ಬಿಡಿ ಬರಹಗಾರನಿಗೆ ಅವರಿಂದ ದೊರೆತಿರುವುದು ಬಹುಮಟ್ಟಿಗೆ ಪರಿಹಾಸ್ಯವೇ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಆತನನ್ನು ‘ಪೆನ್ನಿ-ಎ-ಲೈನರ್’, ಅಂದರೆ ಸಾಲಿಗೊಂದು ಪೆನ್ನಿಯವನು, ಎಂದು ಕರೆಯುತ್ತಿದ್ದರು.

ಪೊಲೀಸು ನ್ಯಾಯಾಲಯ, ಅಪಮೃತ್ಯುವಿನ ವಿಚಾರಣೆ, ಬೆಂಕಿ ಬಿದ್ದ ಬೀದಿ, ಥೇಮ್ಸ್ ನದಿಯ ದಡ, ಇವು ಆತನ ಕಾರ್ಯಕ್ಷೇತ್ರಗಳು. ಅಲ್ಲಿ ಕಂಡುದನ್ನೂ ಕೇಳಿದುದನ್ನೂ, ಅತಿ ತೆಳುವಾದ ಕಾಗದಗಳ ನಡುನಡುವೆ ಮಸಿಹಾಳೆಗಳನ್ನಿರಿಸಿ, ಗಡುಸಾದ ಕಡ್ಡಿಯಿಂದ ಒತ್ತಿ ಬರೆದು, ಒಂದೇ ಬರವಣಿಗೆಯಿಂದ ಹಲವು ಪ್ರತಿಗಳನ್ನು ತೆಗೆದು, ಟೈಮ್ಸ್, ಮಾರ್ನಿಂಗ್ ಕ್ರಾನಿಕಲ್, ಮಾರ್ನಿಂಗ್ ಪೋಸ್ಟ್, ಮಾರ್ನಿಂಗ್ ಹೆರಾಲ್ಡ್ ಮೊದಲಾದ ಪತ್ರಿಕೆಗಳ ಬಾಗಿಲುಗಳಿಗೆ ರಾತ್ರಿಯೊಳಗೆ ಮುಟ್ಟಿಸಿ ಬರುವನು. 1830ರ ದಶಕದ ಹೊತ್ತಿಗೆ ಕೂಲಿ ಸಾಲಿಗೆ ಒಂದೂವರೆ ಪೆನ್ನಿಗೆ ಏರಿದ್ದಿತು. ಆದರೆ ಎಣಿಕೆಗೆ ಬರುತ್ತಿದ್ದುದು ಅಚ್ಚಾದ ಸಾಲು ಮಾತ್ರ. ನಲವತ್ತು ಸಾಲಿನ ವರದಿಯೊಂದು ಆರು ಪತ್ರಿಕೆಗಳಲ್ಲಿ ಅಚ್ಚಾದರೆ ಮೂವತ್ತು ಶಿಲಿಂಗು. ಒಂದರಲ್ಲಿಯೂ ಅಚ್ಚಾಗದಿದ್ದರೆ ಕಾಗದದ ಬೆಲೆಯೂ, ತುಳಿದ ದಾರಿಯೂ, ಕಳೆದ ರಾತ್ರಿಯೂ ಆತನ ಲೆಕ್ಕಕ್ಕೇ. ದೊಡ್ಡದೊಂದು ಕೊಲೆ ನಡೆದ ವಾರ ಆತನ ಮನೆಯಲ್ಲಿ ಸುಗ್ಗಿ. ಪಾರ್ಲಿಮೆಂಟಿನ ಭಾಷಣಗಳು ಪುಟಗಳನ್ನು ನುಂಗಿದ ವಾರ ಉಪವಾಸ.

ಇಂತಹವನು ಅಲ್ಪವನ್ನು ಹಿಗ್ಗಿಸಿ ಬರೆಯುವನೆಂದು ವಿದ್ವಾಂಸರು ನಕ್ಕರು. ‘ಮನೆ ಹೊತ್ತಿಕೊಂಡಿತು’ ಎಂದರೆ ಮುಗಿಯುವ ಕಡೆಯಲ್ಲಿ, ಸರ್ವಭಕ್ಷಕನಾದ ಅಗ್ನಿಯು ತನ್ನ ಕರಾಳ ಜ್ವಾಲೆಗಳನ್ನು ಚಾಚಿ ಆ ಭವ್ಯ ಸೌಧವನ್ನು ಆವರಿಸಿದನೆಂಬ ಧಾಟಿಯಲ್ಲಿ ಆತನು ಬರೆಯುತ್ತಿದ್ದುದು ನಿಜ. ಆದರೆ ವಿಶೇಷಣವೊಂದು ಸೇರಿದರೆ ಸಾಲು ಬೆಳೆಯುವುದು, ಸಾಲು ಬೆಳೆದರೆ ರೊಟ್ಟಿ ದೊರೆಯುವುದು ಎಂಬ ಏರ್ಪಾಟನ್ನು ಮಾಡಿದವನು ಆತನಲ್ಲ. ಉಪಸಂಪಾದಕನು ಅಲಂಕಾರಕ್ಕೆ ಕತ್ತರಿ ಹಾಕಿದಾಗಲೆಲ್ಲ ಆತನ ಊಟಕ್ಕೂ ಕತ್ತರಿ ಬೀಳುತ್ತಿದ್ದಿತು. ಕೂಲಿಯ ಪದ್ಧತಿಯಿಂದ ಹುಟ್ಟಿದ ದೋಷವನ್ನು ಕೂಲಿಕಾರನ ಶೀಲಕ್ಕೆ ಅಂಟಿಸಿದುದು ಅನ್ಯಾಯ.

ಅನಂತರ ಕಾಲ ಬದಲಾಯಿತು. 1855ರಲ್ಲಿ ಪತ್ರಿಕೆಗಳ ಮೇಲಣ ಮುದ್ರಾಂಕದ ತೆರಿಗೆಯೂ, 1861ರಲ್ಲಿ ಕಾಗದದ ಸುಂಕವೂ ರದ್ದಾದುವು, ಡೈಲಿ ಟೆಲಿಗ್ರಾಫ್ ಒಂದು ಪೆನ್ನಿಗೆ ಮಾರಾಟವಾಗತೊಡಗಿತು, ಓದುಗರು ಹೆಚ್ಚಿದರು. ಬಿಡಿ ಬರಹಗಾರನ ಬಾಳು ಇದರಿಂದ ಹಸನಾಗಬೇಕಾಗಿದ್ದಿತು. ಆದರೆ 1851ರಲ್ಲಿ, ಸುದ್ದಿಯನ್ನು ತಂತಿಯ ಮೂಲಕ ತರಿಸಿ ಮಾರುವ ರಾಯಿಟರನು ಲಂಡನ್ನಿನಲ್ಲಿ ಕಚೇರಿಯನ್ನು ತೆರೆದಿದ್ದನು. 1868ರಲ್ಲಿ ಪ್ರಾಂತಗಳ ಪತ್ರಿಕೆಗಳ ಒಡೆಯರು ಕೂಡಿ ಪ್ರೆಸ್ ಅಸೋಸಿಯೇಷನ್ ಎಂಬ ಸುದ್ದಿಸಂಸ್ಥೆಯನ್ನು ಸ್ಥಾಪಿಸಿದರು. 1870ರಲ್ಲಿ ದೇಶದ ತಂತಿಜಾಲವು ಅಂಚೆ ಇಲಾಖೆಯ ವಶವಾಯಿತು. ಒಂದು ವರದಿಯನ್ನು ಹಲವರಿಗೆ ಮಾರುವ ಉಪಾಯವನ್ನು ಮಸಿಹಾಳೆಯಿಂದ ಸಾಧಿಸಿದ್ದವನು ಬಿಡಿ ಬರಹಗಾರನು. ಅದೇ ಉಪಾಯವನ್ನು ತಂತಿಯಿಂದ ಸಾಧಿಸಿದ ಸಂಸ್ಥೆಗಳು ಬೆಳೆದಂತೆ ಆತನ ಬದುಕು ಬಡವಾಯಿತು.

ಈ ಅನಿಶ್ಚಿತಿಯು ಬೀದಿಯ ಸುದ್ದಿಗಾರನನ್ನು ಮಾತ್ರ ಕಾಡಿತೆಂದು ಭಾವಿಸಬೇಕಾಗಿಲ್ಲ. ಲಂಡನ್ನಿನ ಸೋಹೋ ಬಡಾವಣೆಯ ಇಕ್ಕಟ್ಟಾದ ಕೋಣೆಗಳಲ್ಲಿ ಸಂಸಾರ ಹೂಡಿದ್ದ ಕಾರ್ಲ್ ಮಾರ್ಕ್ಸನು ನ್ಯೂಯಾರ್ಕಿನ ಟ್ರಿಬ್ಯೂನ್ ಪತ್ರಿಕೆಗೆ ಸುಮಾರು ಹತ್ತು ವರ್ಷ ಲೇಖನಗಳನ್ನು ಬರೆದನು. 1853ರಲ್ಲಿ ಭಾರತವನ್ನು ಕುರಿತು ಆತನು ಬರೆದ ಪ್ರಸಿದ್ಧ ಲೇಖನಗಳು ಪ್ರಕಟವಾದುದೂ ಅಲ್ಲಿಯೇ. ಲೇಖನವೊಂದಕ್ಕೆ ಮೊದಲು ಒಂದು ಪೌಂಡು, ಬಳಿಕ ಎರಡು. ಹಡಗಿನಲ್ಲಿ ಸಾಗರವನ್ನು ದಾಟಿಹೋದ ಲೇಖನವು ಒಮ್ಮೆ ಆತನ ಹೆಸರಿಲ್ಲದೆ ಅಗ್ರಲೇಖನವಾಗುವುದು, ಮತ್ತೊಮ್ಮೆ ಬುಟ್ಟಿಯ ಪಾಲಾಗುವುದು. ಬುಟ್ಟಿ ಸೇರಿದುದಕ್ಕೆ ಹಣವಿಲ್ಲ. 1857ರಲ್ಲಿ ಸಂಪಾದಕ ಡಾನಾ ಒಂದು ಏರ್ಪಾಟಿಗೆ ಒಪ್ಪಿದನು: ವಾರಕ್ಕೆ ಒಂದು ಲೇಖನಕ್ಕೆ, ಅದು ಅಚ್ಚಾದರೂ ಆಗದಿದ್ದರೂ, ಹಣ ಸಲ್ಲುವುದು. ಅಮೆರಿಕದ ಅಂತರ್ಯುದ್ಧವು ಪುಟಗಳನ್ನು ಆಕ್ರಮಿಸಿದಾಗ, 1862ರಲ್ಲಿ, ಆ ಸಂಬಂಧವೂ ಕಡಿದುಹೋಯಿತು. ಬಂಡವಾಳದ ಮರ್ಮವನ್ನು ಲೋಕಕ್ಕೆ ಬಿಡಿಸಿ ಹೇಳಹೊರಟವನು ತನ್ನ ಲೇಖನಿಯ ಕೂಲಿಯನ್ನು ಮಾತ್ರ ಭದ್ರಪಡಿಸಿಕೊಳ್ಳಲಾರದೆ ಹೋದನು.

ನಮ್ಮ ನಾಡಿನ ತಾಲ್ಲೂಕು ಕೇಂದ್ರಗಳಲ್ಲಿ, ಅಂಗಡಿಯನ್ನೋ ಪಾಠವನ್ನೋ ಜೀವನಕ್ಕೆ ನೆಚ್ಚಿ, ಪ್ರಕಟವಾದ ಸುದ್ದಿಯನ್ನು ಅಳೆದು ಕೊಡುವ ಹಣಕ್ಕೆ ಕಾದು ಕುಳಿತ ಬಾತ್ಮೀದಾರರು ಲಂಡನ್ನಿನ ಆ ಸಾಲಿಗೊಂದು ಪೆನ್ನಿಯವನ ನೇರ ದಾಯಾದಿಗಳು. 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆಯು ಕೆಲಸದ ವೇಳೆಗೂ, ರಜೆಗೂ, ವೇತನಕ್ಕೂ ನಿಯಮವನ್ನು ವಿಧಿಸಿದುದು ಶ್ಲಾಘ್ಯವೇ. ಆದರೆ ಅದರ ರಕ್ಷೆಯು ಪತ್ರಿಕಾಸಂಸ್ಥೆಯಲ್ಲಿ ನೌಕರಿಯುಳ್ಳವರಿಗೆ ಸಂದಿತು. ಯಾರ ನೌಕರನೂ ಅಲ್ಲದ ಬಿಡಿ ಬರಹಗಾರನು ಹೊಸ್ತಿಲಿನ ಹೊರಗೇ ಉಳಿದನು. ಮುದ್ರಣದಿಂದ ತಂತಿಗೆ, ತಂತಿಯಿಂದ ರೇಡಿಯೋವಿಗೆ, ಅಲ್ಲಿಂದ ಕೈಯೊಳಗಣ ಮೊಬೈಲಿಗೆ ಸುದ್ದಿಯು ಸಾಗಿ ಬಂದಿರುವುದಾದರೂ, ಅದನ್ನು ತರಹೋಗುವ ಖರ್ಚೂ ಅಪಾಯವೂ ಆತನ ತಲೆಯಿಂದ ಇಳಿದಿಲ್ಲ. ಡಾನಾ ಒಪ್ಪಿದ ಸಣ್ಣ ನಿಯಮವನ್ನಾದರೂ ನಮ್ಮ ಪತ್ರಿಕೆಗಳು ಪಾಲಿಸತಕ್ಕದ್ದು: ಕೇಳಿ ಬರೆಸಿದ ಲೇಖನವು ಅಚ್ಚಾಗಲಿ, ಆಗದಿರಲಿ, ಅದರ ಕೂಲಿಯನ್ನು ತಡಮಾಡದೆ ಸಲ್ಲಿಸಬೇಕು.