ಫಲಿತಾಂಶಕ್ಕೆ ತಕ್ಕ ಸಂಬಳ: ಒಂದು ಹಳೆಯ ಪ್ರಯೋಗ

"ಮಕ್ಕಳು ಕಲಿತರೆ ಮಾತ್ರ ಮೇಷ್ಟರಿಗೆ ಪೂರ್ಣ ಸಂಬಳ ಎಂಬ ನಿಯಮ ಬಂದರೆ ಶಾಲೆಗಳು ಸುಧಾರಿಸುವುದಿಲ್ಲವೇ ಸಾರ್?" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗಲೆಲ್ಲ ಏಳುವ ಪ್ರಶ್ನೆಯಿದು. ಪ್ರಶ್ನೆ ನ್ಯಾಯವಾದುದೇ, ಆದರೆ ಹೊಸದಲ್ಲ.

ನಮ್ಮ ಮುತ್ತಜ್ಜಂದಿರು ಅಕ್ಷರ ತಿದ್ದಿದ ಕೂಲಿಮಠದ ಹೆಸರಿನಲ್ಲೇ ಕೂಲಿ ಇದೆ. ಐಗಳಿಗೆ ಸರ್ಕಾರದ ಸಂಬಳವಿರಲಿಲ್ಲ. ಮಕ್ಕಳ ಮನೆಯವರು ಕೊಡುವ ದವಸ, ಪುಡಿಗಾಸು, ಮಹಾನವಮಿಯಲ್ಲಿ ಮಕ್ಕಳು ಮನೆಮನೆಯ ಮುಂದೆ ಚೌಪದ ಹಾಡಿದಾಗ ಬರುವ ಕಾಣಿಕೆ, ಇವೇ ಅವರ ಜೀವನಾಧಾರ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯಲ್ಲಿ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಲೆಕ್ಕ ಹಾಕಿ, ಜನರ ಬಡತನದಿಂದ ಶಾಲೆಗಳು ಕ್ಷೀಣಿಸುತ್ತಿವೆ ಎಂದು ವರದಿ ಮಾಡಿದ. ಐಗಳು ಎಷ್ಟೇ ಚೆನ್ನಾಗಿ ಕಲಿಸಲಿ, ಊರಿನ ಕಣಜ ಬರಿದಾದರೆ ಅವರ ಮಡಕೆಯೂ ಬರಿದೇ.

ಫಲಿತಾಂಶಕ್ಕೆ ಹಣವನ್ನು ಕಟ್ಟಿಹಾಕುವ ಪದ್ಧತಿಯನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದದ್ದು ಇಂಗ್ಲೆಂಡ್. 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ರೂಪಿಸಿದ ನಿಯಮದಂತೆ ಮಗುವಿನ ಹಾಜರಾತಿಗೆ 4 ಶಿಲಿಂಗ್, ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾದರೆ 8 ಶಿಲಿಂಗ್ ಅನುದಾನ ಶಾಲೆಗೆ ಸಲ್ಲುತ್ತಿತ್ತು. ಒಂದು ವಿಷಯದಲ್ಲಿ ಅನುತ್ತೀರ್ಣವಾದರೆ 2 ಶಿಲಿಂಗ್ 8 ಪೆನ್ಸ್ ಖೋತಾ. ಪರಿಣಾಮವೇನು? ಇಡೀ ಪಠ್ಯವನ್ನೇ ಬಾಯಿಪಾಠ ಮಾಡಿಸುವ ಚಾಳಿ ಬೆಳೆಯಿತು. ಹಣ ತಾರದ ವಿಷಯಗಳು ಮೂಲೆ ಸೇರಿದವು. ಸ್ವತಃ ಶಾಲಾ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಇದನ್ನು ಬಲವಾಗಿ ವಿರೋಧಿಸಿದ. 1890ರ ದಶಕದಲ್ಲಿ ಅಲ್ಲಿ ಈ ಪದ್ಧತಿ ಕೊನೆಗೊಂಡಿತು.

ಇದೇ ಪದ್ಧತಿ ಮದರಾಸು, ಮುಂಬಯಿ ಪ್ರಾಂತಗಳಿಗೂ ಬಂದಿತ್ತು. ದಕ್ಷಿಣ ಕನ್ನಡ, ಬಳ್ಳಾರಿಗಳು ಆಗ ಮದರಾಸಿಗೂ, ಧಾರವಾಡ, ಬೆಳಗಾವಿಗಳು ಮುಂಬಯಿಗೂ ಸೇರಿದ್ದವು. 1882ರ ಹಂಟರ್ ಆಯೋಗವು ಕಾಲೇಜುಗಳಿಗೆ ಇದು ಬೇಡವೆಂದಿತು. ದೇಶೀಯ ಪ್ರಾಥಮಿಕ ಶಾಲೆಗಳಿಗೆ ಇರಲೆಂದಿತು. ನಮ್ಮ ಮೈಸೂರು ಸೀಮೆಯಲ್ಲಿ 1868ರಲ್ಲಿ ಲೂಯಿ ರೈಸ್ ಅವರ ಹೋಬಳಿ ಶಾಲಾ ಯೋಜನೆ ಬಂದು, ಹಳ್ಳಿಯ ಮೇಷ್ಟರು ಸರ್ಕಾರದ ಸಂಬಳ ಕಂಡರು.

ಇನ್ನು ನನ್ನ ಅನುಭವ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳಲ್ಲಿ ನಾನು ಪಾಠ ಹೇಳಿದ್ದೇನೆ. ನಾಲೆಯ ನೀರು ಹರಿಯುವ ಊರುಗಳಲ್ಲಿ ನನ್ನ ತರಗತಿಯ ಬಹುಪಾಲು ಮಕ್ಕಳು ತೇರ್ಗಡೆಯಾಗುತ್ತಿದ್ದರು. ಮಳೆ ನಂಬಿದ ರಾಗಿ ಹೊಲಗಳ ನಡುವಿನ ಊರಿಗೆ ವರ್ಗವಾದಾಗ ಫಲಿತಾಂಶ ಅರ್ಧಕ್ಕಿಳಿಯಿತು. ಮೇಷ್ಟರು ಅದೇ, ಸೀಮೆಸುಣ್ಣವೂ ಅದೇ. ಅಲ್ಲಿ ಎಂಟನೆಯ ತರಗತಿಗೆ ಬಂದ ಹುಡುಗನೊಬ್ಬನಿಗೆ ಕೂಡಿಸಿ ಓದಲು ಬರುತ್ತಿರಲಿಲ್ಲ. ಎರಡು ವರ್ಷಗಳಲ್ಲಿ ಅವನು ತಪ್ಪಿಲ್ಲದೆ ಪತ್ರ ಬರೆಯತೊಡಗಿದ. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾದ. ಫಲಿತಾಂಶದ ಪಟ್ಟಿಯಲ್ಲಿ ಅವನ ಕಲಿಕೆ ಸೊನ್ನೆ. ಅಂಥ ಶಾಲೆಗಳಿಗೇ ಸಂಬಳ ಕಡಿತವಾಗುವುದಾದರೆ ಅಲ್ಲಿಗೆ ವರ್ಗ ಬಯಸುವವರು ಯಾರು?

ಎದುರು ಪಕ್ಷದ ಮಾತನ್ನೂ ಹೇಳಬೇಕು. 2005ರಿಂದ ಆಂಧ್ರಪ್ರದೇಶದ ಐದು ಜಿಲ್ಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಅಧ್ಯಯನದಲ್ಲಿ, ಬೋನಸ್ ಪಡೆಯುವ ಅವಕಾಶವಿದ್ದ ಶಾಲೆಗಳ ಮಕ್ಕಳು ಎರಡು ವರ್ಷಗಳಲ್ಲಿ ಇತರರಿಗಿಂತ ಹೆಚ್ಚು ಕಲಿತರು. ಆದರೆ ಗಮನಿಸಿ: ಅಲ್ಲಿ ಯಾರ ಸಂಬಳವೂ ಕಡಿತವಾಗಲಿಲ್ಲ. ಅಳೆದದ್ದು ಎಷ್ಟು ಮಕ್ಕಳು ಪಾಸಾದರು ಎಂಬುದನ್ನಲ್ಲ, ಮೊದಲಿಗಿಂತ ಎಷ್ಟು ಮುಂದೆ ಬಂದರು ಎಂಬುದನ್ನು. ಕರ್ನಾಟಕದಲ್ಲಿಯೂ 2002ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರದೊಡನೆ ಈಶಾನ್ಯ ಜಿಲ್ಲೆಗಳಲ್ಲಿ ಕಲಿಕೆಯ ಖಾತರಿ ಕಾರ್ಯಕ್ರಮ ನಡೆಸಿದಾಗ, ಸ್ವಇಚ್ಛೆಯಿಂದ ಮುಂದೆ ಬಂದ ಶಾಲೆಗಳಲ್ಲಿ ಗೆದ್ದವಕ್ಕೆ ಬಹುಮಾನವಿತ್ತು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಪಾಠ ಮಾಡದ ಮೇಷ್ಟರ ಮೇಲೆ ಕ್ರಮವಾಗಲಿ. ಅವರ ಪರವಾಗಿ ವಾದಿಸುವವನು ನಾನಲ್ಲ. ಹೆಚ್ಚು ದುಡಿದವರಿಗೆ ಸಂಬಳದ ಮೇಲೆ ಪುರಸ್ಕಾರವೂ ಸಲ್ಲಲಿ. ಆದರೆ ಮಗು ಎಲ್ಲಿಗೆ ತಲುಪಿತು ಎಂದು ಕೇಳುವ ಮೊದಲು ಎಲ್ಲಿಂದ ಹೊರಟಿತ್ತು ಎಂಬುದನ್ನು ಕೇಳಬೇಕು. ನಿಮ್ಮಲ್ಲಿ ಕೆಲವರು ಈಗ ಸ್ವತಃ ಅಧ್ಯಾಪಕರು, ಅಧಿಕಾರಿಗಳು. ನೀವೇನನ್ನುತ್ತೀರಿ, ಬರೆದು ತಿಳಿಸಿ.